ಗೆದ್ದ ಮಕ್ಕಳ ಹೆಸರಿನ ಪಕ್ಕ ಕಲಿಸಿದವರ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ತಾಲೂಕು ಮಟ್ಟದ ಖೋ-ಖೋ ಪಂದ್ಯದ ಸುದ್ದಿ ಬಂದಿತ್ತು. ಹುಡುಗಿಯರ ತಂಡವೊಂದು ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗಿದೆ. ಮಳೆಯಲ್ಲಿ ನೆನೆದು, ಮೊಣಕಾಲಿಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು, ಕಪ್ ಹಿಡಿದು ನಿಂತ ಹನ್ನೆರಡು ಮಕ್ಕಳ ಫೋಟೊ. ನೋಡಿ ತುಂಬಾ ಖುಷಿಯಾಯಿತು. ಚಹಾ ಕುಡಿಯುತ್ತ ಸುದ್ದಿಯನ್ನು ಇನ್ನೊಮ್ಮೆ ಓದಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆಯಲ್ಲಿ ಕೂತವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು ಎಲ್ಲ ಸೇರಿ ಹದಿನಾಲ್ಕು ಹೆಸರು ಇದ್ದವು. ಆ ಮಕ್ಕಳಿಗೆ ಆಟ ಕಲಿಸಿದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಫೋಟೊದ ಎಡಗಡೆ ಅಂಚಿನಲ್ಲಿ ಒಂದು ಭುಜ ಕಾಣುತ್ತಿತ್ತು. ಕೊರಳಿಂದ ಇಳಿಬಿದ್ದ ವಿಸಿಲ್‌ನ ದಾರ ಕಾಣುತ್ತಿತ್ತು. ಅಲ್ಲಿಗೇ ಫೋಟೊ ಕತ್ತರಿಸಿಹೋಗಿತ್ತು.

ಆ ಭುಜ ಯಾರದ್ದೆಂದು ನನಗೆ ಗೊತ್ತಿಲ್ಲ. ದಾರ ಮಾತ್ರ ಗೊತ್ತು. 34 ವರ್ಷ ನನ್ನ ಕೊರಳಲ್ಲೂ ಅಂಥದ್ದೇ ಇತ್ತು. ನಾನು ಅಂಕೋಲಾ ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಅಕ್ಕೋರಾಗಿ ಕೆಲಸ ಮಾಡಿ 2018ರಲ್ಲಿ ನಿವೃತ್ತಳಾದೆ.

ನಿಮ್ಮ ವರದಿಗಾರರ ಮೇಲೆ ನನಗೆ ಸಿಟ್ಟಿಲ್ಲ. ಶಾಲೆಯವರು ಕಳಿಸುವ ಚೀಟಿಯಲ್ಲೇ ಆ ಹೆಸರು ಇರುವುದಿಲ್ಲ. ಆ ಚೀಟಿಯನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಮುಖ್ಯೋಪಾಧ್ಯಾಯರ ಹೆಸರು, ಎಸ್‌ಡಿಎಂಸಿ ಅಧ್ಯಕ್ಷರ ಹೆಸರು ಬರೆಯುತ್ತಿದ್ದೆ. ನನ್ನ ಹೆಸರನ್ನು ನಾನೇ ಬರೆದುಕೊಳ್ಳುವುದು ಹೇಗೆ ಅಂತ ಬಿಟ್ಟುಬಿಡುತ್ತಿದ್ದೆ. ಎಲ್ಲ ದೈಹಿಕ ಶಿಕ್ಷಕರೂ ಹೀಗೇ ಮಾಡುತ್ತಾರೆ. ಅದಕ್ಕೇ ಹೇಳುವುದು, ಕೇಳಬೇಕಾದವರು ನೀವು. ಚೀಟಿ ಬಂದಾಗ ಒಂದು ಫೋನ್ ಮಾಡಿ, ‘ಕಲಿಸಿದವರು ಯಾರು?’ ಅಂತ ಕೇಳಿ. ಆ ಒಂದು ಹೆಸರನ್ನು ಮಕ್ಕಳ ಹೆಸರಿನ ಪಕ್ಕ ಹಾಕಿ. ನನ್ನ ಬೇಡಿಕೆ ಇಷ್ಟೇ. ಇದನ್ನು ಇಷ್ಟು ವರ್ಷ ಕೇಳದವಳು ಈಗ ಯಾಕೆ ಕೇಳುತ್ತಿದ್ದೇನೆ ಎಂದು ಹೇಳಬೇಕಾದರೆ ಸ್ವಲ್ಪ ದೂರ ಹೋಗಿಬರಬೇಕು.

2023ರ ಮಳೆಗಾಲದಲ್ಲಿ ಮಗಳ ಬಾಣಂತನಕ್ಕೆಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಿದ್ದೆ. ಊರಿನ ಪಶ್ಚಿಮದಲ್ಲಿ ಟಾರ್ನೀಟ್ ಎಂಬ ಬಡಾವಣೆ. ಅಲ್ಲಿ ಆಗ ಚಳಿಗಾಲ. ಕೂಸಿಗೆ ಎಣ್ಣೆ ಹಚ್ಚಿ ಮೀಯಿಸಿ ಮಲಗಿಸಿದ ಮೇಲೆ ನನಗೆ ಕೆಲಸ ಇರುತ್ತಿರಲಿಲ್ಲ. ಶಾಲು ಹೊದ್ದುಕೊಂಡು ಸುಮ್ನೆ ನಡೆಯಲು ಹೋಗುತ್ತಿದ್ದೆ. ಒಂದು ಭಾನುವಾರ ದೊಡ್ಡ ಮೈದಾನವೊಂದರಲ್ಲಿ ಮಕ್ಕಳು ಆಡುವುದು ಕಂಡಿತು. ಹತ್ತು ವರ್ಷದ ಒಳಗಿನ ಮಕ್ಕಳು. ಹನಿ ಮಳೆ, ಕೊರೆಯುವ ಗಾಳಿ, ಒಂದು ಮಗುವೂ ಮನೆಗೆ ಹೋಗುವ ಮಾತಾಡಲಿಲ್ಲ. ಚೆಂಡು ಗುಂಡಗಿರಲಿಲ್ಲ, ತುದಿ ಚೂಪಾದ ಮೊಟ್ಟೆಯ ಹಾಗಿತ್ತು. ಕಾಲಿನಿಂದ ಒದೆಯುತ್ತಾರೆ, ಕೈಯಿಂದ ಹಿಡಿಯುತ್ತಾರೆ, ಹಿಡಿದುಕೊಂಡು ಓಡುತ್ತಾರೆ. ಎಸೆಯುವಂತಿಲ್ಲ. ಒಂದು ಅಂಗೈಯಲ್ಲಿ ಚೆಂಡು ಇಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಪಕ್ಕದವನಿಗೆ ಕೊಡಬೇಕು. ಹಾಗೆ ಗುದ್ದಿ ಕೊಡುವುದಕ್ಕೆ ಹ್ಯಾಂಡ್‌ಬಾಲ್ ಅನ್ನುತ್ತಾರೆ. ಆಟಕ್ಕೆ ಅಲ್ಲಿಯವರು ಫುಟ್‌ಬಾಲ್ ಅಂತಲೇ ಹೇಳುತ್ತಾರೆ, ಆಸ್ಟ್ರೇಲಿಯನ್ ಫುಟ್‌ಬಾಲ್.

ನಾನು ಗೆರೆಯ ಆಚೆ ನಿಂತು ಪೂರ್ತಿ ನೋಡಿದೆ. ನೋಡಿದ್ದು ಆಟವನ್ನಲ್ಲ, ಕಲಿಸುವವನನ್ನು. ಸುಮಾರು ನಲವತ್ತರ ಗಂಡಸು, ಕೈಯಲ್ಲಿ ಸಣ್ಣ ಬಿಳಿ ಹಲಗೆ, ಕೊರಳಲ್ಲಿ ಅದೇ ದಾರ. ಅರ್ಧ ಆಟಕ್ಕೆ ಮಕ್ಕಳನ್ನು ಸುತ್ತ ಕೂರಿಸಿಕೊಂಡ. ಯಾರದ್ದೋ ತಾಯಿ ಡಬ್ಬಿಯಲ್ಲಿ ಕಿತ್ತಳೆ ಹೋಳು ತಂದುಕೊಟ್ಟಳು. ಅವನು ಮಣ್ಣಿನ ಮೇಲೇ ಮಂಡಿಯೂರಿ, ಮಕ್ಕಳ ಕಣ್ಣಿನ ಮಟ್ಟಕ್ಕೆ ತನ್ನ ಮುಖ ತಂದು ಮಾತಾಡಿದ. ಇದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿ ಹತ್ತು ವರ್ಷ ಆದ ಮೇಲೆ. ಅಲ್ಲಿಯ ತನಕ ನಿಂತೇ ಕೂಗುತ್ತಿದ್ದೆ.

ಆಟ ಮುಗಿದ ಮೇಲೆ ಅಲ್ಲಿದ್ದ ವಯಸ್ಸಾದವರೊಬ್ಬರು ನನ್ನನ್ನು ಒಳಗೆ ಕರೆದು ಬಿಸಿ ಚಹಾ ಕೊಟ್ಟರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಪಿ.ಟಿ. ಟೀಚರ್ ಅಂದದ್ದು ಅವರಿಗೆ ಅರ್ಥವಾಯಿತು. ನನ್ನ ಕೈ ಹಿಡಿದು ಕುಲುಕಿ ಗೋಡೆಯ ಕಡೆ ತೋರಿಸಿದರು. ಗೋಡೆಯ ಮೇಲೆ ಪಾಲಿಶ್ ಮಾಡಿದ ಮರದ ಹಲಗೆಗಳು. ಬಂಗಾರದ ಬಣ್ಣದ ಅಕ್ಷರ. ಒಂದೊಂದು ವರ್ಷಕ್ಕೂ ಒಂದೊಂದು ಸಾಲು. ವರ್ಷ, ಅಧ್ಯಕ್ಷರ ಹೆಸರು, ಆ ವರ್ಷದ ಒಳ್ಳೆಯ ಆಟಗಾರನ ಹೆಸರು, ಪಕ್ಕದಲ್ಲಿ ಕೋಚ್ ಹೆಸರು. ಒಂದು ವರ್ಷವೂ ತಪ್ಪಿರಲಿಲ್ಲ. ಇದೇನು ದೊಡ್ಡ ಸ್ಟೇಡಿಯಂ ಅಲ್ಲ, ಬಡಾವಣೆಯ ಮಕ್ಕಳ ಕ್ಲಬ್. ನಾನು ಆ ಹಲಗೆಯ ಎದುರು ಬಹಳ ಹೊತ್ತು ನಿಂತಿದ್ದೆ.

ಸೆಪ್ಟೆಂಬರ್ 16ರ ಶನಿವಾರ. ಚೌತಿಗೆ ಎರಡು ಮೂರು ದಿನ ಇತ್ತು. ನಾನು ಒಲೆಯ ಮುಂದೆ ಚಕ್ಕುಲಿ ಒತ್ತುತ್ತಿದ್ದೆ. ಟಿ.ವಿ.ಯಲ್ಲಿ ಮಾಮೂಲಿ ಕಾರ್ಯಕ್ರಮ ನಿಂತು ಒಬ್ಬ ಮುದುಕನ ಮುಖ ಬಂತು. ದಪ್ಪ ಮೀಸೆ, ದೊಡ್ಡ ಕಣ್ಣು. ಅಳಿಯ ‘ಅಯ್ಯೋ, ಬರಾಸಿ ಹೋಗಿಬಿಟ್ರು’ ಅಂದ. ಅವನು ಶಿರಸಿಯ ಹುಡುಗ, ಆ ದೇಶಕ್ಕೆ ಹೋಗಿ ಹತ್ತು ವರ್ಷವೂ ಆಗಿಲ್ಲ. ಅವನ ದನಿಯಲ್ಲೇ ದುಃಖ ಇತ್ತು. ಯಾರಿವರು ಅಂತ ಕೇಳಿದೆ. ‘ಅತ್ತೆ, ಇಲ್ಲಿಯ ಫುಟ್‌ಬಾಲ್ ಅಂದರೆ ಇವರೇ. ಆಟಗಾರ, ಆಮೇಲೆ ಕೋಚ್’ ಅಂದ. ಅವತ್ತು ರಾತ್ರಿಯಿಂದ ಶುರುಮಾಡಿ, ಊರಿಗೆ ವಾಪಸ್ ಬರುವ ತನಕ ಆ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅರ್ಥವಾಗದ್ದನ್ನು ಅಳಿಯ ಹೇಳಿದ.

ರಾನ್ ಬರಾಸಿ ಹುಟ್ಟಿದ್ದು 1936ರಲ್ಲಿ, ವಿಕ್ಟೋರಿಯಾ ರಾಜ್ಯದ ಕ್ಯಾಸಲ್‌ಮೇನ್ ಎಂಬ ಊರಿನಲ್ಲಿ. ಅಪ್ಪನ ಹೆಸರೂ ರಾನ್ ಬರಾಸಿಯೇ. ಅಪ್ಪ ಮೆಲ್ಬರ್ನ್ ಕ್ಲಬ್ಬಿಗೆ ಆಡುತ್ತಿದ್ದ, 1940ರಲ್ಲಿ ಚಾಂಪಿಯನ್ ಆದ ತಂಡದಲ್ಲಿದ್ದ. ಮರುವರ್ಷ ಯುದ್ಧಕ್ಕೆ ಹೋಗಿ ಆಫ್ರಿಕಾದ ಟೋಬ್ರುಕ್‌ನಲ್ಲಿ ತೀರಿಕೊಂಡ. ಮಗನಿಗೆ ಆಗ ಐದು ವರ್ಷ. ಅಪ್ಪನ ಜೊತೆ ಅದೇ ತಂಡದಲ್ಲಿ ಆಡಿದ್ದ ನಾರ್ಮ್ ಸ್ಮಿತ್ ಎಂಬವರು ಮುಂದೆ 1952ರಲ್ಲಿ ಮೆಲ್ಬರ್ನ್ ತಂಡಕ್ಕೆ ಕೋಚ್ ಆದರು. ಬರಾಸಿಯ ತಾಯಿ ಎರಡನೇ ಮದುವೆಯಾಗಿ ಟಾಸ್ಮೇನಿಯಾಕ್ಕೆ ಹೋಗುವ ಹೊತ್ತಿಗೆ ಹುಡುಗ ಆಟ ಬಿಟ್ಟು ಹೋಗಲು ಒಪ್ಪಲಿಲ್ಲ. ಆಗ ಸ್ಮಿತ್ ಅವನನ್ನು ತಮ್ಮ ಮನೆಯ ಹಿತ್ತಲಲ್ಲಿದ್ದ ಸಣ್ಣ ಕೋಣೆಯಲ್ಲಿ ಇಟ್ಟುಕೊಂಡರು. ಅವರ ಮನೆಯ ಊಟ, ಅವರ ಮನೆಯ ಶಿಸ್ತು.

ಇದನ್ನು ಓದಿದಾಗ ನನಗೆ ಮುಂದಿನ ಸಾಲು ಕಾಣಲಿಲ್ಲ. ಕಣ್ಣು ತುಂಬಿತ್ತು. ಯಾಕೆಂದರೆ ನಾನೂ ಅಂಥ ಮನೆಯಲ್ಲಿ ಇದ್ದವಳು.

ನಮ್ಮದು ಗಂಗಾವಳಿ ನದಿಯ ದಂಡೆ. ಆಗ ಸೇತುವೆ ಇರಲಿಲ್ಲ. ದೋಣಿ ದಾಟಿ ಹೈಸ್ಕೂಲಿಗೆ ಹೋಗಬೇಕು. ಆಷಾಢ ಬಂತೆಂದರೆ ಹೊಳೆ ತುಂಬಿ ದೋಣಿ ಬಿಡುತ್ತಿರಲಿಲ್ಲ. 1972ರಲ್ಲಿ ನಾನು ಎಂಟನೇ ಕ್ಲಾಸು. ನಮ್ಮ ಪಿ.ಟಿ. ಮಾಸ್ತರು ನಾನು ಓಡುವುದನ್ನು ಒಂದೇ ಸಲ ನೋಡಿದ್ದು. ಮಳೆಗಾಲದಲ್ಲಿ ನಾನು ಎಂಟು ದಿನ ಶಾಲೆಗೆ ಬಾರದೇ ಇದ್ದಾಗ, ಹೊಳೆ ಸ್ವಲ್ಪ ಇಳಿದ ಒಂದು ದಿನ ದೋಣಿಯವನನ್ನು ಒಪ್ಪಿಸಿ ದಾಟಿ ನಮ್ಮ ಮನೆಗೆ ಬಂದರು. ಪಂಚೆ ಮೊಣಕಾಲಿನ ತನಕ ಒದ್ದೆ. ಅಪ್ಪ ಬಲೆ ಹೆಣೆಯುತ್ತ ಕೂತಿದ್ದರು. ‘ಹೆಣ್ಣುಮಗಳು ಓಡಿ ಏನ್ ಮಾಡ್ತದೆ ಮಾಸ್ತರೆ?’ ಅಂದರು. ‘ಮೊದಲು ಓಡಲಿ, ಆಮೇಲೆ ನೋಡುವ’ ಅಂದರು ಮಾಸ್ತರು. ಅಷ್ಟೇ ಮಾತು. ಆ ವರ್ಷ ಮತ್ತು ಆಮೇಲಿನ ಎರಡು ವರ್ಷ, ಮಳೆಗಾಲದ ನಾಲ್ಕು ತಿಂಗಳು ನಾನು ಅವರ ಮನೆಯಲ್ಲೇ ಇದ್ದೆ.

ಅವರಿಗೆ ಮೂವರು ಮಕ್ಕಳು. ಎರಡು ಕೋಣೆಯ ಹೆಂಚಿನ ಮನೆ. ಬೆಳಿಗ್ಗೆ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ನಾನು ಮೈದಾನದಿಂದ ಒದ್ದೆಯಾಗಿ ಬಂದರೆ ಅವರ ಹೆಂಡತಿ ನನ್ನ ಲಂಗವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿ ಒಣಗಿಸುವ ಜಾಗದಲ್ಲಿ ಹರಡುತ್ತಿದ್ದರು. ನನಗಿದ್ದದ್ದು ಎರಡೇ ಲಂಗ. ಬೆಳಗಾಗುವಾಗ ಲಂಗ ಒಣಗಿರುತ್ತಿತ್ತು, ಹೊಗೆಯ ವಾಸನೆ ಇರುತ್ತಿತ್ತು. ಇವತ್ತಿಗೂ ಮಳೆಗಾಲದಲ್ಲಿ ಕಟ್ಟಿಗೆ ಹೊಗೆಯ ವಾಸನೆ ಬಂದರೆ ನನಗೆ ಓಡಬೇಕು ಅನ್ನಿಸುತ್ತದೆ. ಆ ಮೂರು ವರ್ಷಕ್ಕೆ ಅವರು ನಮ್ಮ ಅಪ್ಪನ ಹತ್ತಿರ ಒಂದು ಸೇರು ಅಕ್ಕಿಯನ್ನೂ ತೆಗೆದುಕೊಳ್ಳಲಿಲ್ಲ.

ಬರಾಸಿಯ ಕತೆಗೆ ಬರುತ್ತೇನೆ. ಆ ಕಾಲದಲ್ಲಿ ಯಾವ ಬಡಾವಣೆಯಲ್ಲಿ ಮನೆಯೋ ಆ ಕ್ಲಬ್ಬಿಗೇ ಹುಡುಗ ಆಡಬೇಕಿತ್ತು. ಮೆಲ್ಬರ್ನ್ ಕ್ಲಬ್ಬಿನವರು ಪಟ್ಟು ಹಿಡಿದು, ಅಪ್ಪ ಆಡಿದ ಕ್ಲಬ್ಬಿಗೆ ಮಗ ಆಡಬಹುದು ಎಂಬ ನಿಯಮ ತರಿಸಿದರು. ಆ ನಿಯಮ ಬೇರೆ ರೂಪದಲ್ಲಿ ಇವತ್ತಿಗೂ ಇದೆ. 1953ರಲ್ಲಿ, 17ನೇ ವಯಸ್ಸಿಗೆ, 31ನೇ ನಂಬರಿನ ಅಂಗಿ ತೊಟ್ಟು ಬರಾಸಿ ಮೈದಾನಕ್ಕೆ ಇಳಿದ.

ಇಳಿದ ಮೇಲೆ ಒಂದು ತೊಡಕು ಬಂತು. ಎತ್ತರಕ್ಕೆ ಜಿಗಿದು ಚೆಂಡು ತಟ್ಟುವ ಜಾಗಕ್ಕೆ ಹುಡುಗ ಗಿಡ್ಡ. ನೆಲದಲ್ಲಿ ಚುರುಕಾಗಿ ನುಸುಳಿ ಚೆಂಡು ಎತ್ತಿಕೊಳ್ಳುವ ಜಾಗಕ್ಕೆ ದಪ್ಪ. ಬೇರೆ ಕೋಚ್ ಆಗಿದ್ದರೆ ಬೆಂಚಿನ ಮೇಲೆ ಕೂರಿಸುತ್ತಿದ್ದರೇನೋ. ಸ್ಮಿತ್ ಹಾಗೆ ಮಾಡಲಿಲ್ಲ. ಎರಡರ ನಡುವೆ ಒಂದು ಹೊಸ ಜಾಗವನ್ನೇ ಮಾಡಿಕೊಟ್ಟರು. ಅದಕ್ಕೆ ರಕ್-ರೋವರ್ ಎಂಬ ಹೆಸರು ಬಂತು. ಆಮೇಲೆ ಎಲ್ಲ ತಂಡಗಳೂ ಆ ಜಾಗಕ್ಕೆ ಒಬ್ಬೊಬ್ಬರನ್ನು ಹುಡುಕಿದವು. ಕಲಿಸುವುದು ಅಂದರೆ ಇದೇ ಅಲ್ವಾ? ಆಟಕ್ಕೆ ತಕ್ಕ ಮಗು ಬೇಕು ಅಂತ ಎಲ್ಲರೂ ಹುಡುಕುತ್ತಾರೆ. ಇರುವ ಮಗುವಿಗೆ ಆಟದಲ್ಲಿ ಜಾಗ ಹುಡುಕುವವರು ಕಡಿಮೆ. ನನ್ನ ತಂಡದಲ್ಲಿ ಒಬ್ಬಳು ಉದ್ದನೆಯ ಧಡೂತಿ ಹುಡುಗಿ ಇದ್ದಳು. ಖೋ-ಖೋಗೆ ಆಗುವುದಿಲ್ಲ ಅಂತ ಎಲ್ಲರೂ ಅಂದಿದ್ದರು. ಅವಳನ್ನು ಪೋಲ್ ಹತ್ತಿರ ಕೂರಿಸಿ, ಒಂದು ಕೈಯಲ್ಲಿ ಪೋಲ್ ಹಿಡಿದು ಮೈ ಪೂರ್ತಿ ಚಾಚಿ ಮುಟ್ಟುವುದನ್ನು ದಿನಾ ಸಂಜೆ ಮಾಡಿಸಿದೆ. ಆ ಉದ್ದನೆಯ ಕೈಯಿಂದಲೇ ನಾವು ಎರಡು ವರ್ಷ ಬೆಳಗಾವಿಯ ವಿಭಾಗ ಮಟ್ಟಕ್ಕೆ ಹೋದೆವು.

ಬರಾಸಿ ಮೆಲ್ಬರ್ನ್‌ಗೆ 204 ಪಂದ್ಯ ಆಡಿದರು. 1955, 56, 57, 59, 60, 64, ಹೀಗೆ ಆರು ಸಲ ಆ ತಂಡ ಚಾಂಪಿಯನ್ ಆಯಿತು. ಕೊನೆಯ ಎರಡಕ್ಕೆ ಅವರೇ ಕ್ಯಾಪ್ಟನ್. ಆರಕ್ಕೂ ಕೋಚ್ ಸ್ಮಿತ್. 1964ರ ಗೆಲುವಿನ ನಂತರ ಬರಾಸಿ ಗುರುವಿನ ತಂಡ ಬಿಟ್ಟು ಕಾರ್ಲ್ಟನ್ ತಂಡಕ್ಕೆ ಆಡುತ್ತ ಕಲಿಸುವ ಕೋಚ್ ಆಗಿ ಹೋದರು. ಊರಿಗೆ ಊರೇ ಬೆಚ್ಚಿಬಿತ್ತಂತೆ. ಮನೆಮಗ ಎದುರುಮನೆಗೆ ಹೋದ ಹಾಗೆ. ನನಗೂ ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದರೆ ಸರಿ ಅನ್ನಿಸಿತು. ಗುರುವಿನ ಮನೆಯಲ್ಲೇ ಇದ್ದರೆ ಕಲಿಸಲು ಬರುತ್ತದೋ ಇಲ್ಲವೋ ಎಂದು ಗೊತ್ತಾಗುವುದು ಯಾವಾಗ?

ಮರುವರ್ಷ ಜುಲೈನಲ್ಲಿ ಮೆಲ್ಬರ್ನ್ ಕ್ಲಬ್ ಸ್ಮಿತ್‌ರನ್ನು ಕೆಲಸದಿಂದ ತೆಗೆದುಹಾಕಿತು. ಆರು ಸಲ ಗೆಲ್ಲಿಸಿದವರಿಗೆ ಮನೆಗೆ ಒಂದು ಪತ್ರ ಕಳಿಸಿ ತಿಳಿಸಿದರು. ಜನ ರೊಚ್ಚಿಗೆದ್ದರು, ಕೆಲವೇ ದಿನಗಳಲ್ಲಿ ವಾಪಸ್ ಕರೆದರು. ಆದರೆ ಹೋದದ್ದು ಹೋಗಿತ್ತು. 1964ರ ನಂತರ ಆ ಕ್ಲಬ್ ಮತ್ತೆ ಚಾಂಪಿಯನ್ ಆದದ್ದು 2021ರಲ್ಲಿ. 57 ವರ್ಷ! ಸ್ಮಿತ್ ಶಾಪ ಅಂತ ಅಲ್ಲಿಯ ಜನ ಹೇಳುತ್ತಾರೆ. ನಾನು ಶಾಪ ನಂಬುವವಳಲ್ಲ. ಆದರೆ ಕಲಿಸುವವರಿಗೆ ಮರ್ಯಾದೆ ಕೊಡದ ಜಾಗದಲ್ಲಿ ಏನೋ ಒಂದು ಒಳಗಿಂದಲೇ ಸಡಿಲವಾಗುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಯಾರೂ ಬರಲಿಲ್ಲ. ಗಣಿತದ ಮಾಸ್ತರರೇ ಪಾಠ ಮುಗಿಸಿ ವಿಸಿಲ್ ಹಿಡಿಯುತ್ತಾರೆ. ಪಾಪ, ಅವರಾದರೂ ಎಷ್ಟು ಮಾಡಿಯಾರು?

1970ರ ಫೈನಲ್ ಬಗ್ಗೆ ಬರೆಯದೇ ಇರಲಾರೆ. ಬರಾಸಿಯ ಕಾರ್ಲ್ಟನ್ 1968ರಲ್ಲಿ ಒಮ್ಮೆ ಗೆದ್ದಿತ್ತು. 1970ರಲ್ಲಿ ಎದುರು ಕಾಲಿಂಗ್‌ವುಡ್. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಅಂದು ಕೂತ ಜನ 1,21,696. ನಮ್ಮ ಕಾರವಾರ ಪೇಟೆಯವರೆಲ್ಲ ಬಂದು ಕೂತರೂ ಜಾಗ ಉಳಿಯುತ್ತಿತ್ತು. ಈ ಆಟದಲ್ಲಿ ನಡುವಿನ ಎರಡು ಉದ್ದ ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕದ ಸಣ್ಣ ಕಂಬದ ಕಡೆ ಹೋದರೆ 1. ಅರ್ಧ ಆಟಕ್ಕೆ ಕಾರ್ಲ್ಟನ್ 29, ಕಾಲಿಂಗ್‌ವುಡ್ 73. ನಲವತ್ತನಾಲ್ಕು ಪಾಯಿಂಟ್ ಹಿಂದೆ.

ಆ ಕೋಣೆಯಲ್ಲಿ ನಾನು ಇದ್ದಿದ್ದರೆ ಏನು ಹೇಳುತ್ತಿದ್ದೆ? ಇದನ್ನು ಎಷ್ಟು ರಾತ್ರಿ ಯೋಚಿಸಿದ್ದೇನೋ. ಬರಾಸಿ ಹೇಳಿದ್ದು ಒಂದೇ ಮಾತು. ಹ್ಯಾಂಡ್‌ಬಾಲ್ ಮಾಡಿ. ಚೆಂಡು ಸಿಕ್ಕಿದರೆ ನಿಂತು ದೂರ ಒದೆಯಬೇಡಿ, ಪಕ್ಕದವನಿಗೆ ಗುದ್ದಿಕೊಟ್ಟು ಓಡುತ್ತ ಇರಿ. ಜೊತೆಗೆ ಬೆಂಚಿನ ಮೇಲಿದ್ದ ಟೆಡ್ ಹಾಪ್ಕಿನ್ಸ್ ಎಂಬ ಸಣ್ಣ ಮೈಕಟ್ಟಿನ ಹುಡುಗನನ್ನು ಒಳಗೆ ಕಳಿಸಿದರು. ಅವನೇ ನಾಲ್ಕು ಗೋಲ್ ಹೊಡೆದ. ಕಾರ್ಲ್ಟನ್ 111, ಕಾಲಿಂಗ್‌ವುಡ್ 101. ಹತ್ತು ಪಾಯಿಂಟ್‌ಗೆ ಗೆದ್ದರು. ಆಮೇಲೆ ಆ ಆಟ ಆಡುವ ರೀತಿಯೇ ಬದಲಾಯಿತು ಅಂತ ಅಲ್ಲಿಯವರು ಹೇಳುತ್ತಾರೆ.

ಖೋ-ಖೋ ಗೊತ್ತಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಒಬ್ಬಳೇ ಓಡಿ ಮುಟ್ಟುತ್ತೇನೆ ಅಂತ ಹೊರಟರೆ ಉಸಿರು ಹೋಗುತ್ತದೆ. ಬೆನ್ನು ಮುಟ್ಟಿ ಖೋ ಕೊಟ್ಟು, ಕೊಟ್ಟು, ಕೊಟ್ಟು, ಎದುರಿನವಳಿಗೆ ತಿರುಗಲು ಸಮಯವೇ ಸಿಗಬಾರದು. ಹಳಿಯಾಳದಲ್ಲಿ ಒಂದು ಪಂದ್ಯ. ಮೊದಲ ಇನ್ನಿಂಗ್ಸ್‌ಗೆ ನಮ್ಮ ಮಕ್ಕಳು ಆರು ಪಾಯಿಂಟ್ ಹಿಂದೆ ಇದ್ದರು. ಐದು ನಿಮಿಷ ನಾನು ಬೈದೆ. ಯಾರ್ಯಾರು ಎಲ್ಲೆಲ್ಲಿ ತಪ್ಪು ಮಾಡಿದರು ಅಂತ ಒಂದೊಂದೇ ಎಣಿಸಿದೆ. ಎಂಟನೇ ಕ್ಲಾಸಿನ ಒಬ್ಬಳು ಅತ್ತಳು. ಕಣ್ಣೊರೆಸಿಕೊಳ್ಳುತ್ತಲೇ ಆಡಲು ಹೋದಳು. ಸೋತೆವು. ವಾಪಸ್ ಬರುವ ಬಸ್ಸಿನಲ್ಲಿ ಯಲ್ಲಾಪುರ ದಾಟುವ ತನಕ ಯಾರೂ ಮಾತಾಡಲಿಲ್ಲ. ಆ ಹುಡುಗಿಯ ಹತ್ತಿರ ನಾನು ತಪ್ಪಾಯಿತು ಅಂತ ಹೇಳಿದ್ದು ಅವಳ ಮದುವೆಯ ದಿನ. ಅವಳಿಗೆ ನೆನಪಿತ್ತು. ಬರಾಸಿಯೂ ಬಹಳ ಜೋರು ಮಾಡುತ್ತಿದ್ದರು, ಅವರ ಕೂಗಿಗೆ ಆಟಗಾರರು ನಡುಗುತ್ತಿದ್ದರು ಎಂದು ಓದಿದೆ. ಅದು ನನಗೆ ಇಷ್ಟವಾಗಲಿಲ್ಲ. ಅರ್ಧ ಆಟದಲ್ಲಿ ಒಂದೇ ಮಾತು ಹೇಳಿ ಕಳಿಸಿದ್ದಿದೆಯಲ್ಲ, ಅದಕ್ಕೆ ಮಾತ್ರ ಕೈ ಮುಗಿಯುತ್ತೇನೆ.

ಕಾರ್ಲ್ಟನ್ ನಂತರ 1973ರಲ್ಲಿ ನಾರ್ತ್ ಮೆಲ್ಬರ್ನ್ ತಂಡಕ್ಕೆ ಹೋದರು. 1925ರಿಂದ ಲೀಗಿನಲ್ಲಿದ್ದು ಒಮ್ಮೆಯೂ ಚಾಂಪಿಯನ್ ಆಗದ ಬಡ ತಂಡ ಅದು. 1975ರಲ್ಲಿ ಹಾಥಾರ್ನ್ ತಂಡವನ್ನು 55 ಪಾಯಿಂಟ್‌ಗಳಿಂದ ಸೋಲಿಸಿ ಮೊದಲ ಸಲ ಗೆದ್ದರು. 1977ರ ಫೈನಲ್ 76-76 ಸಮವಾಗಿ, ಮುಂದಿನ ವಾರ ಮತ್ತೆ ಆಡಿ ಗೆದ್ದರು. ಆಮೇಲೆ ಮೆಲ್ಬರ್ನ್‌ಗೆ ವಾಪಸ್, ಕಡೆಗೆ 1993ರಲ್ಲಿ ಸೋತು ಸುಣ್ಣವಾಗಿದ್ದ ಸಿಡ್ನಿ ತಂಡಕ್ಕೆ. ಅಲ್ಲಿ ಕಪ್ ಬರಲಿಲ್ಲ. ತಂಡ ಉಳಿಯಿತು. ಅವರು ಬಿಟ್ಟ ಮರುವರ್ಷವೇ, 1996ರಲ್ಲಿ, ಅದೇ ತಂಡ ಫೈನಲ್ ತಲುಪಿತು.

ಈಗ ಒಂದು ಲೆಕ್ಕ. ನಾರ್ಮ್ ಸ್ಮಿತ್ ಆಟಗಾರನಾಗಿ 4 ಸಲ ಚಾಂಪಿಯನ್, ಕಲಿಸಿ 6 ಸಲ. ಬರಾಸಿ ಆಟಗಾರನಾಗಿ 6 ಸಲ, ಕಲಿಸಿ 4 ಸಲ. ಗುರುವಿಗೂ ಹತ್ತು, ಶಿಷ್ಯನಿಗೂ ಹತ್ತು. ಇದನ್ನು ನಾನು ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಸೆಪ್ಟೆಂಬರ್ 30ಕ್ಕೆ ಆ ವರ್ಷದ ಫೈನಲ್. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಟಿ.ವಿ.ಯಲ್ಲಿ ನೋಡಿದೆ. ಕಾಲಿಂಗ್‌ವುಡ್ 90, ಬ್ರಿಸ್ಬೇನ್ 86. ಗೆದ್ದ ತಂಡದ ಕೋಚ್ ಕ್ರೇಗ್ ಮೆಕ್‌ರೇಗೆ ಅದೇ ದಿನ ಬೆಳಿಗ್ಗೆ ಹೆಣ್ಣುಮಗು ಹುಟ್ಟಿತ್ತು. ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ವೇದಿಕೆ ಹಾಕಿ ಪದಕ ಕೊಟ್ಟರು. ಪಂದ್ಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿದ ಬಾಬಿ ಹಿಲ್‌ಗೆ ಕೊಟ್ಟ ಪದಕದ ಹೆಸರು ನಾರ್ಮ್ ಸ್ಮಿತ್ ಪದಕ. 1979ರಿಂದ ಹೀಗೇ ಕೊಡುತ್ತಾರೆ. ಅಂದರೆ ಆಟಗಾರನಿಗೆ ಕೊಡುವ ಪದಕಕ್ಕೇ ಕೋಚ್ ಹೆಸರು! ಗೆದ್ದ ಕೋಚ್‌ಗೆ ಬೇರೆಯೇ ಪದಕ ಇದೆ. ಅದಕ್ಕೆ ಜಾಕ್ ಮೆಕ್‌ಹೇಲ್ ಹೆಸರು. 1912ರಿಂದ 1949ರ ತನಕ, 38 ವರ್ಷ ಒಂದೇ ಕ್ಲಬ್ಬಿಗೆ ಕಲಿಸಿ 8 ಸಲ ಗೆಲ್ಲಿಸಿದವರು ಅವರು. ಲಕ್ಷ ಜನರ ಎದುರು ಮೈಕಿನಲ್ಲಿ ಕೋಚ್ ಹೆಸರು ಕೂಗಿ ಕರೆದು ಕೊರಳಿಗೆ ಪದಕ ಹಾಕಿದರು. ನನ್ನ ಮಗಳು ನನ್ನ ಮುಖ ನೋಡಿ ಸುಮ್ಮನೆ ಭುಜದ ಮೇಲೆ ಕೈ ಇಟ್ಟಳು.

ಊರಿಗೆ ಹೊರಡುವ ಮೊದಲು ಅಳಿಯ ರೈಲಿನಲ್ಲಿ ಕರೆದುಕೊಂಡು ಹೋಗಿ ಆ ಮೈದಾನದ ಹೊರಗಿನ ಬರಾಸಿ ಪ್ರತಿಮೆ ತೋರಿಸಿದ. ನಾವು ಹೋದಾಗ ನಮ್ಮ ಹಾಗೇ ನೋಡಲು ಬಂದ ಅಜ್ಜ ಒಬ್ಬರು ಮೊಮ್ಮಗನಿಗೆ ಏನೋ ಹೇಳುತ್ತಿದ್ದರು. ನಾನು ನನ್ನ ಹಳೆಯ ವಿಸಿಲ್ ತಂದಿರಲಿಲ್ಲ. ತಂದಿದ್ದರೆ ಅಲ್ಲಿಟ್ಟು ಬರುತ್ತಿದ್ದೆ.

ಆ ಆಟ ಶುರುವಾದ ಬಗೆಯನ್ನೂ ನಿಮಗೆ ಹೇಳಬೇಕು. 1858ರ ಜುಲೈ 10ರಂದು ಮೆಲ್ಬರ್ನ್‌ನ ಒಂದು ಪತ್ರಿಕೆಯಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಸಂಪಾದಕರಿಗೆ ಬರೆದ ಪತ್ರ ಅಚ್ಚಾಯಿತು. ಚಳಿಗಾಲದಲ್ಲಿ ಕ್ರಿಕೆಟ್ ಆಡುವವರು ಸುಮ್ಮನೆ ಕೂತು ಮೈ ಜಡವಾಗುವ ಬದಲು ಒಂದು ಫುಟ್‌ಬಾಲ್ ಕ್ಲಬ್ ಮಾಡಿಕೊಳ್ಳಬಾರದೇ ಎಂದು ಕೇಳಿದ್ದರು. ಮರುವರ್ಷ ಮೇ ತಿಂಗಳಲ್ಲಿ ಕೆಲವರು ಕೂತು ಹತ್ತು ನಿಯಮ ಬರೆದರು. ಒಂದು ಪತ್ರ, ಒಬ್ಬ ಸಂಪಾದಕರು ಅದಕ್ಕೆ ಕೊಟ್ಟ ಜಾಗ. ಆದ್ದರಿಂದ ನನಗೂ ಬರೆಯುವ ಧೈರ್ಯ ಬಂತು.

ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತದೆ. 1984ರಲ್ಲಿ ಬರಾಸಿ ಮೆಲ್ಬರ್ನ್ ಕೋಚ್ ಆಗಿದ್ದಾಗ ಆ ಕ್ಲಬ್ ಐರ್ಲೆಂಡ್‌ನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಹುಡುಗರನ್ನು ಕರೆಸಿತು. ಹಾಗೆ ಬಂದವನು ಡಬ್ಲಿನ್‌ನ ಜಿಮ್ ಸ್ಟೈನ್ಸ್, ಹದಿನೆಂಟು ವರ್ಷ. ಈ ಆಟವೇ ಅವನಿಗೆ ಹೊಸದು. 1987ರಲ್ಲಿ ಫೈನಲ್ ಮುಟ್ಟುವ ಕೊನೆಯ ಗಳಿಗೆಯಲ್ಲಿ ಅವನು ನಿಯಮ ಮರೆತು ಎದುರಾಳಿಯ ಮುಂದೆ ಅಡ್ಡ ಓಡಿದ. ದಂಡವಾಗಿ ಎದುರಾಳಿಗೆ 15 ಮೀಟರ್ ಮುಂದೆ ಬಂದು ಒದೆಯಲು ಸಿಕ್ಕಿ, ತಂಡ 2 ಪಾಯಿಂಟ್‌ಗೆ ಸೋತಿತು. ಅವನನ್ನು ಯಾರೂ ವಾಪಸ್ ಕಳಿಸಲಿಲ್ಲ. 1991ರಲ್ಲಿ ಅವನೇ ಲೀಗಿನ ಅತಿ ದೊಡ್ಡ ಗೌರವವಾದ ಬ್ರೌನ್‌ಲೋ ಪದಕ ಗೆದ್ದ. ಒಂದೂ ತಪ್ಪಿಸದೆ ಸತತ 244 ಪಂದ್ಯ ಆಡಿದ.

ಅದೇ ಕಾಲಕ್ಕೆ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತಯಾರು ಮಾಡಲು ಶುರುಮಾಡಿತ್ತು. ಕಾಡಿನ ಊರುಗಳಿಂದ ಮಕ್ಕಳು ಹಾಸ್ಟೆಲಿಗೆ ಹೋದರು, ಒಳ್ಳೆಯ ಊಟ, ಬೂಟು, ಕೋಚ್ ಸಿಕ್ಕರು. ಕೆಲವರು ರಾಷ್ಟ್ರ ಮಟ್ಟದಲ್ಲಿ ಗೆದ್ದರು. ಇನ್ನೇನು ಫಲ ಬರಬೇಕು ಅನ್ನುವಾಗ, ತೊಂಬತ್ತರ ದಶಕದ ಮೊದಲಲ್ಲೇ, ಆ ಯೋಜನೆ ನಿಂತುಹೋಯಿತು. ಅಲ್ಲಿ ಒಬ್ಬ ಹುಡುಗನಿಗೆ ಏಳು ವರ್ಷ ಕೊಟ್ಟರು. ಇಲ್ಲಿ ಒಂದು ಇಡೀ ಪೀಳಿಗೆಗೆ ಅಷ್ಟು ಕೊಡಲಿಲ್ಲ. ಈಚೆಗೆ ಮತ್ತೆ ಶುರುವಾಗಿದೆ ಎಂಬುದು ಸಮಾಧಾನ. ಈ ಸಲ ಆ ಮಕ್ಕಳಿಗೆ ಕಲಿಸುವವರು ಯಾರು, ಎಲ್ಲಿಂದ ಬಂದವರು, ಎಷ್ಟು ಗಂಟೆಗೆ ಎದ್ದು ಮೈದಾನಕ್ಕೆ ಹೋಗುತ್ತಾರೆ ಎಂದು ನಿಮ್ಮ ಪತ್ರಿಕೆ ಹೋಗಿ ನೋಡಿ ಬರೆಯಲಿ. ಮುಂಡಗೋಡ, ಹಳಿಯಾಳ ದೂರ ಏನಲ್ಲ.

ನಮ್ಮ ಮಾಸ್ತರು ತೀರಿಕೊಂಡದ್ದು 2009ರ ಆಷಾಢದಲ್ಲಿ. ಅವರು ತಯಾರು ಮಾಡಿದ ತಂಡಗಳು ಗೆದ್ದ ಸುದ್ದಿ ಇಪ್ಪತ್ತೆಂಟು ವರ್ಷ ಪತ್ರಿಕೆಗಳಲ್ಲಿ ಬಂದಿವೆ. ಆ ಕತ್ತರಿಸಿದ ತುಂಡುಗಳನ್ನೆಲ್ಲ ಅವರ ಹೆಂಡತಿ ಒಂದು ಬಿಸ್ಕೀಟ್ ಡಬ್ಬಿಯಲ್ಲಿ ಇಟ್ಟಿದ್ದರು. ಹದಿಮೂರನೇ ದಿನದ ಊಟ ಮುಗಿದ ಮೇಲೆ ನನ್ನ ಮುಂದೆ ತಂದಿಟ್ಟರು. ಇಬ್ಬರೂ ಕೂತು ಒಂದೊಂದೇ ಓದಿದೆವು. ಒಂದರಲ್ಲಿಯೂ ಅವರ ಹೆಸರು ಇರಲಿಲ್ಲ. ಅಚ್ಚಿನಲ್ಲಿ ಅವರ ಹೆಸರು ಮೊದಲ ಸಲ ಬಂದದ್ದು ನಿಧನ ವಾರ್ತೆಯಲ್ಲಿ, ನಾಲ್ಕು ಸಾಲು. ಅದರಲ್ಲಿಯೂ ಇನಿಷಿಯಲ್ ತಪ್ಪಾಗಿತ್ತು.

ಈ ಪತ್ರದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತನಕ, ನನ್ನ ಜೊತೆ ಮಳೆಯಲ್ಲಿ ನಿಂತು ಸುಣ್ಣದ ಗೆರೆ ಹಾಕಿದ 26 ದೈಹಿಕ ಶಿಕ್ಷಕರ ಹೆಸರು, ಅವರ ಶಾಲೆ, ಅವರ ತಂಡ ಗೆದ್ದ ವರ್ಷ ಅದರಲ್ಲಿವೆ. ಕೆಲವರು ಈಗ ಇಲ್ಲ. ಮನೆಯವರನ್ನು ಕೇಳಿ, ಒಪ್ಪಿದರೆ ದಿನಕ್ಕೆ ಒಂದೊಂದಾಗಿಯಾದರೂ ಜಿಲ್ಲಾ ಪುಟದ ಮೂಲೆಯಲ್ಲಿ ಹಾಕಿ. ಮೊದಲನೆಯ ಹೆಸರು ನಮ್ಮ ಮಾಸ್ತರರದ್ದು. ಅವರ ಮನೆಯವರನ್ನು ನಾನೇ ಕೇಳಿದ್ದೇನೆ, ಒಪ್ಪಿದ್ದಾರೆ. ಇನಿಷಿಯಲ್ ಅನ್ನು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿದ್ದೇನೆ, ದಯವಿಟ್ಟು ಸರಿಯಾಗಿ ನೋಡಿಕೊಳ್ಳಿ.

ಇತಿ,
ನಿವೃತ್ತ ದೈಹಿಕ ಶಿಕ್ಷಕಿ
ಅಂಕೋಲಾ, ಉತ್ತರ ಕನ್ನಡ